ಮಂಗಲಮುಖಕ್ಕೇಕೆ ಮುಸುಕು?

ಮದುವೆಯ ಮಂಟಪಕ್ಕೆ ವಧುವನ್ನು ಕರೆತರುವಾಗ ಅವಳ ಮುಖದ ಮೇಲೆ ಜಾಲರಿಯಂತಹ ತೆಳುಬಟ್ಟೆಯೊಂದನ್ನು ಇಳಿಬಿಟ್ಟು, ಆಕೆ ಎಡವದಂತೆ ಇಬ್ಬರು ಗೆಳತಿಯರು ತೋಳು ಹಿಡಿದು ನಡೆಸಿಕೊಂಡು ಬರುವ ಪದ್ಧತಿಯು ಕೆಲವು ವರ್ಷಗಳಿಂದೀಚೆಗೆ ನಮ್ಮ ವೀರಶೈವ ಮನೆತನಗಳಲ್ಲಿಯೂ ಕಾಣಿಸಿಕೊಂಡಿದೆ. ದೊಡ್ಡ ನಗರಗಳಲ್ಲಿ ಮೊದಲು ಕಂಡದ್ದು ಈಗ ತಾಲೂಕು ಸ್ಥಳಗಳ ಕಲ್ಯಾಣಮಂಟಪಗಳಿಗೂ ಬಂದಿದೆ. ಹೊಸ ಅಲಂಕಾರವೊಂದು ಬಂದಿತೆಂಬ ಮಾತ್ರಕ್ಕೆ ಮಠದವರು ಲೇಖನಿ ಹಿಡಿಯಬೇಕಾದುದಿಲ್ಲ. ಬಳೆಯ ಮಾದರಿ ಬದಲಾಗುತ್ತದೆ, ಜಡೆಯ ಮಾದರಿ ಬದಲಾಗುತ್ತದೆ, ಅದೆಲ್ಲ ಹೆಣ್ಣುಮಕ್ಕಳಿಗೆ ಬಿಟ್ಟ ವಿಷಯ. ಆದರೆ ಈ ಬಟ್ಟೆಯು ಅಲಂಕಾರವೆಂಬ ಹೆಸರಿನಿಂದ ಬರಲಿಲ್ಲ. ಸಂಪ್ರದಾಯವೆಂಬ ಹೆಸರನ್ನು ಹೊತ್ತು ಬಂದಿದೆ. ಆ ಹೆಸರಿನ ವಿಷಯದಲ್ಲಿಯೇ ನಮ್ಮ ತಕರಾರು.

ಸಂಪ್ರದಾಯವೆಂದರೆ ಒಬ್ಬರು ಇನ್ನೊಬ್ಬರಿಗೆ ಕೈಯಾರೆ ಕೊಟ್ಟದ್ದು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ, ಗುರುವಿನಿಂದ ಶಿಷ್ಯನಿಗೆ ಬಂದದ್ದು. ಈ ಮುಸುಕನ್ನು ಕೊಟ್ಟವರು ಯಾರೆಂದು ಒಂದು ಮನೆಯಲ್ಲಿ ವಿಚಾರಿಸಿದೆವು. ತಾಯಿ ತಾನು ಹೊತ್ತಿಲ್ಲವೆಂದರು. ಎಂಬತ್ತು ದಾಟಿದ ಅಜ್ಜಿ ಇಂತಹುದನ್ನು ಕಣ್ಣಿನಿಂದಲೇ ನೋಡಿರಲಿಲ್ಲ. ಕೊಟ್ಟವರು ಅಲಂಕಾರ ಮಾಡಲು ಬಂದ ಬ್ಯೂಟಿ ಪಾರ್ಲರಿನವರು. ಒಂದು ದಿನದ ಬಾಡಿಗೆಗೆ. ಆ ಬಾಡಿಗೆಯ ಹಣದಲ್ಲಿ ಒಳ್ಳೆಯ ಇಳಕಲ್ ಸೀರೆಯೊಂದು ಬರುತ್ತಿತ್ತೆಂದು ಅಜ್ಜಿ ಗೊಣಗಿದರು. ಮರುದಿನ ಹಿಂದಿರುಗಿಸಬೇಕಾದ ವಸ್ತುವು ಅದಾವ ಪರಂಪರೆ?

ಇದು ಎಲ್ಲಿಂದ ಬಂದಿತೆಂಬುದು ಗುಟ್ಟೇನೂ ಅಲ್ಲ. 2018ರ ನವೆಂಬರದಲ್ಲಿ ಇಟಲಿಯ ಕೋಮೋ ಸರೋವರದ ತೀರದಲ್ಲಿ ನಟಿ ದೀಪಿಕಾ ಪಡುಕೋಣೆಯವರ ವಿವಾಹ ನಡೆಯಿತು. ವರನ ಕಡೆಯವರ ಸಿಂಧಿ ಪದ್ಧತಿಯ ದಿನ ಅವರು ಹೊದ್ದ ಕೆಂಪು ದುಪಟ್ಟಾದ ಅಂಚಿನ ಮೇಲೆ 'ಸದಾ ಸೌಭಾಗ್ಯವತೀ ಭವ' ಎಂದು ದೇವನಾಗರಿಯಲ್ಲಿ ಕಸೂತಿ ಹಾಕಿಸಲಾಗಿತ್ತು. ಆ ಚಿತ್ರಗಳು ದೇಶವನ್ನೆಲ್ಲ ಸುತ್ತಿದವು; ಅಂದಿನಿಂದ ಅದೇ ಅಕ್ಷರದ ಅಂಚು ಬಟ್ಟೆಯಂಗಡಿಗಳಲ್ಲಿ ರಾಶಿ ಬಿದ್ದಿದೆ. ಆ ತಾಯಿಯ ಆಯ್ಕೆ ಅವರದು, ಅದರಲ್ಲಿ ದೋಷ ಹುಡುಕುವುದು ನಮ್ಮ ಉದ್ದೇಶವಲ್ಲ. ತಮ್ಮ ತವರಿನ ಕೊಂಕಣಿ ವಿಧಿಯ ದಿನ ಅವರು ಸೀರೆಯನ್ನೇ ಉಟ್ಟಿದ್ದರೆಂಬುದನ್ನು ಮಾತ್ರ ಅನುಕರಿಸುವವರು ಗಮನಿಸಲಿಲ್ಲ. ಆಶೀರ್ವಾದವೆಂಬುದು ಹಿರಿಯರ ನಾಲಗೆಯಿಂದ ಬರಬೇಕಾದುದು. ಹೊಲಿಗೆಯ ಯಂತ್ರವು ಅದನ್ನು ಮೊದಲೇ ಬರೆದುಕೊಂಡು ಬಂದಮೇಲೆ ಮಂಟಪದಲ್ಲಿ ಕುಳಿತ ನಮ್ಮಂತಹವರಿಗೆ ಅಷ್ಟರಮಟ್ಟಿಗೆ ಕೆಲಸ ಕಡಿಮೆಯಾಯಿತೆಂದು ಸಂತೋಷಪಡಬೇಕೇನೋ!

ಇನ್ನು ಪ್ರಮಾಣದ ಮಾತು. 'ಮುಸುಕು ವೇದಕಾಲದಿಂದ ಬಂದದ್ದು' ಎಂದು ಕೆಲವರು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ವೇದವು ನಮಗೆ ಪ್ರಮಾಣವೋ ಅಲ್ಲವೋ ಎಂಬ ಚರ್ಚೆಯನ್ನು ಇಲ್ಲಿಗೆ ಎಳೆಯಬೇಕಾಗಿಲ್ಲ. ವೇದವನ್ನು ಮುಂದಿಡುವವರಿಗೆ ವೇದವನ್ನೇ ತೋರಿಸಿದರೆ ಸಾಕು. ಋಗ್ವೇದದ ಹತ್ತನೆಯ ಮಂಡಲದ 85ನೆಯ ಸೂಕ್ತವು ವಿವಾಹದ ಸೂಕ್ತ. ಈ ವಧು ಮಂಗಲೆಯಾಗಿದ್ದಾಳೆ, ಎಲ್ಲರೂ ಬನ್ನಿರಿ, ಇವಳನ್ನು ನೋಡಿರಿ, ಸೌಭಾಗ್ಯವನ್ನು ಹರಸಿ ನಿಮ್ಮ ನಿಮ್ಮ ಮನೆಗೆ ತೆರಳಿರಿ ಎಂಬ ಅರ್ಥದ ಮಂತ್ರ ಅಲ್ಲಿದೆ. ಇಂದಿಗೂ ಅನೇಕ ಮದುವೆಗಳಲ್ಲಿ ಅದನ್ನು ಹೇಳುತ್ತಾರೆ. ಬಂದವರನ್ನೆಲ್ಲ ನೋಡಿರೆಂದು ಕರೆದು, ನೋಡಬೇಕಾದ ಮುಖವನ್ನು ಮುಚ್ಚಿಡುವುದು ಯಾವ ನ್ಯಾಯ? ವಾಲ್ಮೀಕಿರಾಮಾಯಣದ ಯುದ್ಧಕಾಂಡದಲ್ಲಿ ಸೀತೆಯನ್ನು ಎಲ್ಲರ ಎದುರಿಗೆ ಕರೆತರುವ ಸಂದರ್ಭದಲ್ಲಿ ಶ್ರೀರಾಮನು ಹೇಳುವ ಮಾತೂ ಪ್ರಸಿದ್ಧವಾಗಿದೆ: ಮನೆಯಾಗಲಿ, ವಸ್ತ್ರವಾಗಲಿ, ಕೋಟೆಯಾಗಲಿ ಹೆಣ್ಣಿಗೆ ಆವರಣವಲ್ಲ, ಅವಳ ಶೀಲವೇ ಆವರಣ, ವಿಪತ್ತಿನಲ್ಲಿ, ಯುದ್ಧದಲ್ಲಿ, ಸ್ವಯಂವರದಲ್ಲಿ, ಯಜ್ಞದಲ್ಲಿ, ವಿವಾಹದಲ್ಲಿ ಅವಳು ಜನರ ಕಣ್ಣಿಗೆ ಬೀಳುವುದು ದೋಷವಲ್ಲ. (ಅದನ್ನು ಹೇಳಿದ ಗಳಿಗೆಯು ಎಂತಹ ಕಠೋರವಾದ ಗಳಿಗೆಯೆಂಬುದನ್ನು ಬಲ್ಲವರು ಬಲ್ಲರು, ಇಲ್ಲಿ ನಮಗೆ ಬೇಕಾದುದು ಆ ಕಾಲದ ಆಚಾರದ ಸಾಕ್ಷಿ.) ಭಾಸಕವಿಯ ಪ್ರತಿಮಾನಾಟಕದ ಮೊದಲನೆಯ ಅಂಕದಲ್ಲಿಯೂ ವನಕ್ಕೆ ಹೊರಟು ನಿಂತ ರಾಮನು ಸೀತೆಗೆ ಮುಸುಕನ್ನು ಸರಿಸೆಂದು ಹೇಳಿ, ಅಯೋಧ್ಯೆಯ ಜನ ಕಣ್ಣೀರು ತುಂಬಿ ನೋಡಲೆನ್ನುತ್ತಾನೆ. ಅಲ್ಲಿಯೂ ಅವನು ಎಣಿಸುವ ನಾಲ್ಕು ಸಂದರ್ಭಗಳಲ್ಲಿ ವಿವಾಹವೂ ಒಂದು. ಅಂದರೆ ಅವಗುಂಠನದ ವಾಡಿಕೆಯಿದ್ದ ರಾಜಮನೆತನಗಳಲ್ಲಿ ಸಹ ಮದುವೆಯ ದಿನವು ಅದಕ್ಕೆ ಅಪವಾದವಾಗಿತ್ತು. ನಾವು ಈಗ ಮಾಡುತ್ತಿರುವುದು ಅದರ ತಲೆಕೆಳಗು: ವರ್ಷದ 364 ದಿನ ತೆರೆದ ಮುಖದಿಂದ ಕಾಲೇಜಿಗೆ, ಕಚೇರಿಗೆ, ಪೇಟೆಗೆ ಹೋಗುವ ಹೆಣ್ಣುಮಗಳಿಗೆ ಮದುವೆಯ ದಿನವೇ ಹುಡುಕಿ ಹುಡುಕಿ ಮುಸುಕು ಹಾಕುತ್ತಿದ್ದೇವೆ.

ಇದಕ್ಕೆ ವಿರುದ್ಧವಾಗಿ ಹೇಳಬಹುದಾದುದನ್ನೂ ಮುಚ್ಚಿಡಬಾರದು. ಶೂದ್ರಕನ ಮೃಚ್ಛಕಟಿಕದ ಕೊನೆಯಲ್ಲಿ ವಸಂತಸೇನೆಗೆ ವಧುವೆಂಬ ಪದವಿ ದೊರೆತಾಗ ಅವಳಿಗೆ ಮುಸುಕು ಹೊದಿಸುತ್ತಾರೆ. ಕಾಳಿದಾಸನ ಶಕುಂತಲೆಯು ದುಷ್ಯಂತನ ಸಭೆಗೆ ಮುಸುಕಿನಲ್ಲಿಯೇ ಬರುತ್ತಾಳೆ. ಆದ್ದರಿಂದ ವಾಟ್ಸ್‌ಆ್ಯಪಿನಲ್ಲಿ ಓಡಾಡುವ ಮತ್ತೊಂದು ಮಾತು, ಮುಸುಕೆಂಬುದು ಪರದೇಶದ ದಾಳಿಕಾರರಿಂದಲೇ ಭಾರತಕ್ಕೆ ಬಂದಿತು, ಅದಕ್ಕೆ ಮೊದಲು ಅದರ ಸುಳಿವೇ ಇರಲಿಲ್ಲ ಎಂಬುದು ಕೂಡ ಸತ್ಯವಲ್ಲ. ಆ ದಾಳಿಗಳಿಗಿಂತ ಎಷ್ಟೋ ಶತಮಾನಗಳ ಹಿಂದಿನ ನಾಟಕಗಳಲ್ಲಿ ಅದು ಕುಲೀನತೆಯ ಗುರುತಾಗಿ ನಿಂತಿದೆ. ತನ್ನ ಮನೆಯ ದೋಷವನ್ನೆಲ್ಲ ನೆರೆಮನೆಯ ಮೇಲೆ ಹಾಕುವುದು ಸುಲಭ, ಅದು ಇತಿಹಾಸವಾಗುವುದಿಲ್ಲ. ಆದರೆ ಆ ನಾಟಕಗಳ ಮುಸುಕು ಅರಮನೆಯ ಮತ್ತು ಸಿರಿವಂತರ ಅಂತಃಪುರದ ವಸ್ತು. ಹೊಲದಲ್ಲಿ ಕಳೆ ತೆಗೆಯುವವಳಿಗೆ, ಮಗ್ಗದ ಮುಂದೆ ಕುಳಿತವಳಿಗೆ, ಬೀಸುವ ಕಲ್ಲಿನ ಮುಂದೆ ಹಾಡುವವಳಿಗೆ ಅದು ಎಂದಿಗೂ ಸೇರಿದ್ದಲ್ಲ. ನಮ್ಮ ಧರ್ಮವು ಬೆಳೆದದ್ದು ಆ ಹೆಣ್ಣುಮಕ್ಕಳ ನಡುವೆ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯದೆ ಈ ಮಾತನ್ನು ಮುಂದುವರಿಸಲಾಗದು. ಮುಕ್ತಾಯಕ್ಕನು ಅಲ್ಲಮಪ್ರಭುವಿನೊಡನೆ ಮುಖಾಮುಖಿ ನಿಂತು ವಾದಿಸಿದವಳು. ಆಯ್ದಕ್ಕಿ ಲಕ್ಕಮ್ಮನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿದ್ದಿ ಹಿಂದಕ್ಕೆ ಕಳುಹಿಸಿದವಳು. ಅಕ್ಕಮಹಾದೇವಿಯು ಅನುಭವಮಂಟಪಕ್ಕೆ ಬಂದಾಗ ನಡೆದ ಪರೀಕ್ಷೆಯನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಹೇಳುತ್ತದೆ. ಸೀರೆಯನ್ನು ತೊರೆದವಳು ಕೇಶದಿಂದೇಕೆ ಮೈಯನ್ನು ಮರೆಸಿಕೊಂಡೆಯೆಂದು ಪ್ರಭುದೇವರು ಕೇಳಿದರು. ಹೆಣ್ಣಿನ ಆವರಣದ ಪ್ರಶ್ನೆಯು ಅಷ್ಟು ಬಹಿರಂಗವಾಗಿ, ಅಷ್ಟು ನಿಷ್ಠುರವಾಗಿ ಚರ್ಚೆಗೆ ಬಂದ ಸಭೆ ಬೇರೊಂದಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಿದವರು ಅವಳ ತಂದೆಯಲ್ಲ, ಗಂಡನಲ್ಲ, ಅಲ್ಲಿ ನೆರೆದಿದ್ದ ಶರಣರಲ್ಲ, ಸ್ವತಃ ಅಕ್ಕ. ಮುಚ್ಚಿಕೊಳ್ಳುವುದಾಗಲಿ ಬಿಡುವುದಾಗಲಿ ಅವಳ ಅರಿವಿಗೆ ಬಿಟ್ಟದ್ದೆಂದು ಆ ಸಭೆ ಒಪ್ಪಿತು. ಎಂಟು ಶತಮಾನಗಳ ಮೇಲೆ ನಾವು ಅದೇ ಪ್ರಶ್ನೆಯನ್ನು ಬಾಡಿಗೆಯ ಅಂಗಡಿಯವನಿಗೆ ಬಿಟ್ಟುಕೊಟ್ಟಿದ್ದೇವೆ.

ನಮ್ಮ ವಿವಾಹವಿಧಿಯ ಒಂದು ಲಕ್ಷಣವನ್ನು ಭಕ್ತರು ಗಮನಿಸಬೇಕು. ಇಬ್ಬರಿಗೂ ವಿಭೂತಿ, ಇಬ್ಬರ ಎದೆಯ ಮೇಲೂ ಇಷ್ಟಲಿಂಗ. ಇಬ್ಬರ ಕೈಗೂ ಕಂಕಣ. ಬಾಸಿಂಗವನ್ನು ವರನ ಹಣೆಗೂ ಕಟ್ಟುತ್ತೇವೆ, ವಧುವಿನ ಹಣೆಗೂ ಕಟ್ಟುತ್ತೇವೆ. ಬೆಂಡಿನ ಮೇಲೆ ಜರಿ ಕಾಗದ ಅಂಟಿಸಿದ ಆ ಬಾಸಿಂಗವು ಇಂದಿನ ಯುವಕರಿಗೆ ಹಳೆಯ ಕಾಲದ ಆಟಿಗೆಯಂತೆ ಕಾಣಬಹುದು. ಅದು ಸಾರುವುದು ಮಾತ್ರ ಸಣ್ಣ ಮಾತಲ್ಲ. ಇಂದು ಇವರಿಬ್ಬರೂ ಸಮಾನವಾಗಿ ಪೂಜ್ಯರು ಎಂದು ಅದು ಸಾರುತ್ತದೆ. ಅಂತರಪಟವನ್ನು ಹಿಡಿಯುವ ಮನೆತನಗಳಲ್ಲಿಯೂ ಅಷ್ಟೆ: ಆ ವಸ್ತ್ರವು ಇಬ್ಬರ ನಡುವೆ ನಿಲ್ಲುತ್ತದೆ, ಇಬ್ಬರಿಗೂ ಸಮನಾಗಿ ಮರೆಯಾಗುತ್ತದೆ, ಮುಹೂರ್ತ ಕೂಡಿದೊಡನೆ ಇಬ್ಬರಿಗೂ ಒಮ್ಮೆಲೇ ಸರಿಯುತ್ತದೆ. ಈ ಹೊಸ ಮುಸುಕೋ ಒಬ್ಬಳಿಗೇ. ಉತ್ತರದಲ್ಲಿ ವರನಿಗೂ ಸೇಹರಾ ಎಂಬ ಹೂವಿನ ಇಳಿಜಾಲವನ್ನು ಪೇಟದಿಂದ ಮುಖದ ಮೇಲೆ ಬಿಡುವ ವಾಡಿಕೆಯಿದೆ. ಅಲ್ಲಿ ಅವನೂ ಅರ್ಧ ಕುರುಡನಾಗಿಯೇ ಕುದುರೆ ಏರಬೇಕು. ನಮ್ಮವರು ಆಮದು ಮಾಡಿಕೊಳ್ಳುವಾಗ ಹೆಣ್ಣಿನ ಪಾಲನ್ನು ಮಾತ್ರ ತಂದು ಗಂಡಿನ ಪಾಲನ್ನು ಅಲ್ಲಿಯೇ ಬಿಟ್ಟು ಬಂದರು. ಮರೆವಿನಿಂದ ಹೀಗಾಯಿತೆಂದು ನಂಬಲು ನಾವು ಸಿದ್ಧರಿಲ್ಲ.

ಕಳೆದ ವೈಶಾಖದಲ್ಲಿ ಒಬ್ಬ ಭಕ್ತರ ಮನೆಯ ಮದುವೆಗೆ ಹೋಗಿದ್ದೆವು. ಹೆಣ್ಣಿನ ಹಣೆಗೆ ವಿಭೂತಿ ಧರಿಸಲು ಕೈಯೆತ್ತಿದಾಗ ಎದುರಿಗಿದ್ದ ಛಾಯಾಗ್ರಾಹಕನು, "ಸ್ವಾಮೀಜಿ, ಒಂದ್ ನಿಮಿಷ, ಮುಸುಕು ಎತ್ತೋ ಶಾಟ್ ಇನ್ನೂ ಆಗಿಲ್ಲ" ಎಂದು ತಡೆದನು. ನಮ್ಮ ಕೈ ನಡುವೆಯೇ ನಿಂತಿತು. ಅವನ ಸಹಾಯಕರು ದೀಪ ಹೊಂದಿಸುತ್ತಿರುವಾಗ ಜಾಲರಿಯ ಒಳಗಿನಿಂದ ಆ ಮಗು ಮೆಲ್ಲಗೆ ಕೇಳಿತು: "ಅಜ್ಜಾರ, ಇದನ್ನ ತೆಗೀಲೇನ್ರೀ? ಒಳಗ ಏನೂ ಕಾಣವಲ್ತು, ಭಾಳ ಸೆಕಿ ಆಗೇತಿ." "ತೆಗಿ ತಂಗಿ" ಎಂದೆವು. ತಾನೇ ಎತ್ತಿ ಹಿಂದಕ್ಕೆ ಹಾಕಿಕೊಂಡಳು. ಛಾಯಾಗ್ರಾಹಕನಿಗೆ ಸಿಟ್ಟು ಬಂದಿತು. ಹೆಣ್ಣಿನ ಸೋದರಮಾವನು, ಅಷ್ಟು ಹಣ ಕೊಟ್ಟು ಕರೆಸಿದ ಮನುಷ್ಯನೆಂದು, ನಮಗೆ ಕೇಳುವಂತೆಯೇ ಹೇಳಿದನು. ಮುಂದೆ ಅಕ್ಷತೆಯ ಹೊತ್ತಿಗೆ ಗಂಡಿನ ಕಡೆಯವರ ಒತ್ತಾಯದಿಂದ ಅದು ಮತ್ತೆ ಕೆಳಗಿಳಿಯಿತು. ನೂರಾರು ಜನ ಹರಸಿ ಹಾಕಿದ ಅಕ್ಕಿಕಾಳು ಅವಳ ತಲೆಯನ್ನು ಮುಟ್ಟದೆ ಜಾಲರಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡವು. ಊಟದ ವೇಳೆಗೆ ಇಬ್ಬರು ಹೆಂಗಸರು ಕುಳಿತು ಅವನ್ನು ಒಂದೊಂದಾಗಿ ಆರಿಸುತ್ತಿದ್ದರು. ಬಟ್ಟೆಯನ್ನು ಹಾಗೆಯೇ ಹಿಂದಿರುಗಿಸಿದರೆ ಅಂಗಡಿಯವನು ಹಣ ಹಿಡಿದುಕೊಳ್ಳುತ್ತಾನಂತೆ.

ಅಪಾಯದ ಮಾತೊಂದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಈ ಜಾಲರಿಗಳಲ್ಲಿ ಬಹುಪಾಲು ನೈಲಾನ್ ಇಲ್ಲವೆ ಪಾಲಿಯೆಸ್ಟರ್ ನೂಲಿನವು. ಬೆಂಕಿ ತಗುಲಿದರೆ ಅವು ಕರಗಿ ಚರ್ಮಕ್ಕೆ ಅಂಟುತ್ತವೆ. ಆರತಿಯ ತಟ್ಟೆ ಮುಖದ ಮುಂದೆಯೇ ಸುತ್ತುವ ಜಾಗದಲ್ಲಿ ಅಂತಹ ಬಟ್ಟೆಯನ್ನು ಸಡಿಲವಾಗಿ ಇಳಿಬಿಡುವುದು ವಿವೇಕವಲ್ಲ.

'ಪರದೇಶದಲ್ಲಿಯೂ ವಧುಗಳು ಮುಸುಕು ಹೊದ್ದುಕೊಳ್ಳುವುದಿಲ್ಲವೆ?' ಎಂದು ನಮ್ಮ ವಿದ್ಯಾರ್ಥಿನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದರು. ಹೌದು, ಹೊದ್ದುಕೊಳ್ಳುತ್ತಾರೆ. ಪ್ರಾಚೀನ ರೋಮಿನ ವಧುವಿನ ಮುಸುಕು ಬೆಂಕಿಯ ಜ್ವಾಲೆಯ ಬಣ್ಣದ್ದಾಗಿತ್ತು. ಅದರ ಹೆಸರು ಫ್ಲಾಮಿಯಂ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು 1840ರ ಫೆಬ್ರವರಿ 10ರಂದು ವಿವಾಹವಾದಾಗ ಧರಿಸಿದ ಬಿಳಿಯ ಲೇಸಿನ ಮುಸುಕು ಮುಂದೆ ಲೋಕಕ್ಕೆಲ್ಲ ಮಾದರಿಯಾಯಿತು. ಆದರೆ ಆ ಕಥೆಯಲ್ಲಿ ನಮ್ಮವರು ಕಲಿಯಬೇಕಾದ ಪಾಠವೊಂದಿದೆ. 1809ರಲ್ಲಿ ಜಾನ್ ಹೀತ್‌ಕೋಟ್ ಎಂಬಾತನು ಜಾಲರಿ ನೇಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದಮೇಲೆ ಡೆವನ್ ಸೀಮೆಯ ಹಳ್ಳಿಗಳಲ್ಲಿ ಕೈಯಿಂದ ಲೇಸು ಹೆಣೆಯುತ್ತಿದ್ದ ಹೆಂಗಸರ ಬದುಕಿಗೆ ಕುತ್ತು ಬಂದಿತ್ತು. ಸಿರಿವಂತರೆಲ್ಲ ಬ್ರಸೆಲ್ಸಿನ ಲೇಸಿಗೆ ಮರುಳಾಗಿದ್ದ ಕಾಲದಲ್ಲಿ ರಾಣಿಯು ತನ್ನ ನಾಡಿನ ಹಾನಿಟನ್ ಲೇಸನ್ನೇ ಹೇಳಿ ಮಾಡಿಸಿದಳು. ಬೀರ್ ಎಂಬ ಕಡಲತಡಿಯ ಹಳ್ಳಿಯ ಸುತ್ತ ಇನ್ನೂರಕ್ಕೂ ಹೆಚ್ಚು ಹೆಂಗಸರಿಗೆ ತಿಂಗಳುಗಟ್ಟಲೆ ಅದರಿಂದ ಕೆಲಸ ದೊರೆಯಿತು. ಅದನ್ನು ಅವಳು ಮುಖದ ಮೇಲೆ ಇಳಿಬಿಡಲೂ ಇಲ್ಲ, ಹಿಂದಕ್ಕೆ ಬಿಟ್ಟುಕೊಂಡಿದ್ದಳು. ರಾಣಿಯ ಮುಸುಕನ್ನು ನಕಲು ಮಾಡಿದವರು ಅವಳ ವಿವೇಕವನ್ನು ನಕಲು ಮಾಡಲಿಲ್ಲ.

ಹತ್ತಿರದ ಉದಾಹರಣೆ ಇದಕ್ಕಿಂತ ಚೆನ್ನಾಗಿದೆ. ಕೇರಳದ ಸಿರಿಯನ್ ಕ್ರೈಸ್ತರ ಮದುವೆಯಲ್ಲಿ ಮಂತ್ರಕೋಡಿ ಎಂಬ ಸೀರೆಯನ್ನು ವರನು ವಧುವಿನ ತಲೆಯ ಮೇಲೆ ಹೊದಿಸುತ್ತಾನೆ. ಮಿನ್ನು ಎಂಬ ಅವರ ತಾಳಿಯನ್ನು ಪೋಣಿಸುವುದಕ್ಕೆ ಆ ಸೀರೆಯಿಂದಲೇ ಏಳು ಎಳೆಗಳನ್ನು ತೆಗೆದು ದಾರ ಹೊಸೆಯುತ್ತಾರೆ. ಆ ವಸ್ತ್ರಕ್ಕೆ ಒಂದು ಅರ್ಥವಿದೆ, ಒಂದು ಕೆಲಸವಿದೆ, ಅದು ಆ ಮನೆಯಲ್ಲಿಯೇ ಉಳಿಯುತ್ತದೆ. ನಮ್ಮ ಕೊಡಗಿನ ವಧು ತಲೆಗೆ ವಸ್ತ್ರ ಕಟ್ಟುತ್ತಾಳೆ. ಅದು ಅವಳ ಕುಲದ್ದು, ಮುಖವಂತೂ ತೆರೆದೇ ಇರುತ್ತದೆ. ಅವರವರ ಆಚಾರ ಅವರವರಿಗೆ ಒಪ್ಪುತ್ತದೆ. ಅನ್ಯಧರ್ಮೀಯರ ಶಿರೋವಸ್ತ್ರದ ವಿಷಯವಾಗಿ 2022ರಲ್ಲಿ ನಮ್ಮ ನಾಡಿನಲ್ಲಿ ಎದ್ದ ಗದ್ದಲವನ್ನು ಈ ಲೇಖನಕ್ಕೆ ಯಾರೂ ಜೋಡಿಸಕೂಡದು. ನಾವು ಮಾತಾಡುತ್ತಿರುವುದು ನಮ್ಮ ಮನೆಯ ಮಾತು.

ಇನ್ನು ಯಾವ ನಾಡಿನಿಂದ ಇದನ್ನು ತಂದೆವೋ ಆ ನಾಡಿನವರು ಏನು ಮಾಡುತ್ತಿದ್ದಾರೆ? ಮಹಾತ್ಮರು 1927ರಲ್ಲಿ ಬಿಹಾರದ ಹೆಣ್ಣುಮಕ್ಕಳ ಸ್ಥಿತಿಯನ್ನು ಕಂಡು, ಪರದೆಯನ್ನು ಹರಿದೊಗೆಯಿರೆಂದು ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆದರು. ಅಲ್ಲಿಂದ ತೊಂಬತ್ತು ವರ್ಷ ಕಳೆದು 2019ರಲ್ಲಿ ರಾಜಸ್ಥಾನದ ಅಂದಿನ ಮುಖ್ಯಮಂತ್ರಿ ಅಶೋಕ ಗೆಹ್ಲೋಟರು ಘೂಂಘಟ್ ಪದ್ಧತಿ ಕೊನೆಗಾಣಬೇಕೆಂದು ಬಹಿರಂಗ ಸಭೆಯಲ್ಲಿ ಹೇಳಬೇಕಾಯಿತು. ಅಂದರೆ ಅಲ್ಲಿಯ ಹೆಣ್ಣುಮಕ್ಕಳು ಒಂದು ಶತಮಾನದಿಂದ ಕಳಚಲು ಹೆಣಗುತ್ತಿರುವುದನ್ನು ಇಲ್ಲಿ ನಾವು ಹಣ ಕೊಟ್ಟು ಹೊದಿಸುತ್ತಿದ್ದೇವೆ.

ಒಂದು ದಿನದ ವೇಷಕ್ಕೆ ಇಷ್ಟೇಕೆ ಮಾತು ಎನ್ನುವವರಿಗೆ ನಾವು ಕಣ್ಣಾರೆ ಕಂಡದ್ದನ್ನು ಹೇಳಬೇಕು. ನಮ್ಮ ಪ್ರಸಾದನಿಲಯದಲ್ಲಿ ಓದಿ ದೊಡ್ಡ ಹುದ್ದೆಗೇರಿ ನಿವೃತ್ತರಾದ ಗೌಡರೊಬ್ಬರು ದರ್ಶನಕ್ಕೆ ಬಂದಿದ್ದರು. ಮಗನಿಗೆ ಮದುವೆಯಾಗಿ ಆರು ತಿಂಗಳು. ಸೊಸೆ ಇಂಜಿನಿಯರು. ಮನೆಗೆ ಹಿರಿಯರು ಬಂದಾಗ ಅವಳು ಸೆರಗು ಹೊರುವುದಿಲ್ಲವೆಂಬುದು ಅವರ ದೂರು. "ಮದುವ್ಯಾಗ ಮುಖದ ತುಂಬ ಹೊತ್ಕೊಂಡಿದ್ಲಲ್ರೀ ಅಜ್ಜಾರ. ಸಾವಿರ ಮಂದಿ ಮುಂದ ಆಗಿದ್ದು ಮನ್ಯಾಗ ಯಾಕಾಗಂಗಿಲ್ಲ? ಇದು ನಮ್ಮ ಶಾಸ್ತ್ರ ಅಂತ ತಾವೊಂದು ಮಾತು ಹೇಳ್ರಿ, ತಮ್ಮ ಮಾತು ಮೀರಂಗಿಲ್ಲ" ಎಂದರು. ಮಂಟಪದಲ್ಲಿ ಚಿತ್ರಕ್ಕಾಗಿ ಹೊದ್ದದ್ದು ಆರು ತಿಂಗಳಲ್ಲಿ ಮನೆಯ ಕಾನೂನಾಗುವ ಬಗೆ ಇದು. ಇಲ್ಲದ ಶಾಸ್ತ್ರವನ್ನು ಉಂಟೆಂದು ಹೇಳಲು ನಮ್ಮಿಂದಾಗದೆಂದೆವು. "ನಿಮ್ಮ ತಾಯಿಯವರು ಮಠಕ್ಕೆ ಬರುವಾಗ ಸೆರಗು ಹೊತ್ತೇ ಬರುತ್ತಿದ್ದರು, ಗೌಡ್ರ. ಹೊರೆಂದು ಅವರಿಗೆ ಯಾರಾದರೂ ಹೇಳಿದ್ದರೇನು?" ಎಂದು ಕೇಳಿದೆವು. ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಠದಾಗ ಅಕಿ ಭಕ್ತಿಲೆ ಹೊರತಿದ್ಲು. ಆದ್ರ ನಮ್ಮಪ್ಪನ ಮುಂದ ಅಕಿ ಸೆರಗು ಇಳಿಸಿದ್ದು ಸಾಯೂತನಕ ನಾ ನೋಡಿಲ್ರೀ" ಎಂದರು. ಆಮೇಲೆ ಸೊಸೆಯ ಮಾತನ್ನು ಅವರು ಎತ್ತಲಿಲ್ಲ.

ಗೌಡರ ಆ ಮಾತು ನಮ್ಮ ಮನಸ್ಸಿನಿಂದ ಹೋಗಿಲ್ಲ. ಸೆರಗನ್ನು ಹೊಗಳುವವರು ಅದನ್ನು ನೆನಪಿಡಬೇಕು. ಗುರುವಿನ ಎದುರಿಗೆ, ದೇವರ ಎದುರಿಗೆ, ಬಿಸಿಲಿನಲ್ಲಿ, ತನ್ನ ಇಷ್ಟದಿಂದ ತಲೆಯ ಮೇಲೆ ಎಳೆದುಕೊಳ್ಳುವ ಸೆರಗು ಬೇರೆ. ಗಂಡನ ಗದರಿಕೆಗೆ ಹೆದರಿ ಹೊರುವ ಸೆರಗು ಬೇರೆ. ಬಟ್ಟೆ ಒಂದೇ ಆದರೂ ಒಂದು ಭಕ್ತಿ, ಇನ್ನೊಂದು ಭಯ. ಭಯದ ಸೆರಗನ್ನು ನಮ್ಮ ಸಮಾಜವು ಎರಡು ತಲೆಮಾರುಗಳಲ್ಲಿ ಬಹುಮಟ್ಟಿಗೆ ಇಳಿಸಿತು. ಹೆಣ್ಣುಮಕ್ಕಳ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯಗಳನ್ನು ಕಟ್ಟಿದ ಹಿರಿಯ ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ಇಳಿಸಿದರು. ಹಾಗೆ ಇಳಿದದ್ದು ಜರಿಯ ಅಂಚು ಹಚ್ಚಿಕೊಂಡು ಹಿಂಬಾಗಿಲಿನಿಂದ ಮರಳಿ ಬರುವಾಗ ನಾವು ಕಲ್ಯಾಣಮಂಟಪದ ಕುರ್ಚಿಯಲ್ಲಿ ಕುಳಿತು ಅಕ್ಷತೆ ಹಾಕುತ್ತಿರಬೇಕೆ?

'ಹುಡುಗಿಯೇ ಇಷ್ಟಪಟ್ಟರೆ?' ಎಂಬ ಪ್ರಶ್ನೆ ಉಳಿಯಿತು. ಇಷ್ಟಪಟ್ಟರೆ ಹೊದ್ದುಕೊಳ್ಳಲಿ. ಅವಳನ್ನು ತಡೆಯುವ ಅಧಿಕಾರ ನಮಗಿದೆಯೆಂದು ಹೇಳಿದರೆ ಆ ಗೌಡರಿಗೂ ನಮಗೂ ಅಂತರವೇನು ಉಳಿಯಿತು? ಎರಡು ಮಾತನ್ನು ಮಾತ್ರ ನಾವು ಬಿಡುವುದಿಲ್ಲ. ವಿಭೂತಿ ಧಾರಣೆ, ಮಾಂಗಲ್ಯ, ಅಕ್ಷತೆ ಮುಗಿಯುವ ತನಕ ಮುಖವೂ ಹಣೆಯೂ ತೆರೆದಿರಲಿ. ಸಂಜೆಯ ಆರತಕ್ಷತೆಯಲ್ಲಿ ಅವಳು ಏನು ತೊಟ್ಟರೂ ನಮಗೆ ಸಂಬಂಧವಿಲ್ಲ. ಎರಡನೆಯದು, ಅದನ್ನು ವೇಷವೆಂದು ಕರೆಯಿರಿ, ಅಂದವೆಂದು ಕರೆಯಿರಿ, ಸಂಪ್ರದಾಯವೆಂದು ಮಾತ್ರ ಕರೆಯಬೇಡಿರಿ. ಇನ್ನೊಂದು ಕಡೆಯಿಂದ, ತಲೆಯ ಮೇಲೆ ಸೆರಗು ಕಂಡೊಡನೆ ದಾಸ್ಯವೆಂದು ಬೊಬ್ಬೆಯಿಡುವ ಪ್ರಗತಿಶೀಲರಿಗೂ ಒಂದು ಮಾತು: ಹೊಲಕ್ಕೆ ಬುತ್ತಿ ಹೊತ್ತು ನಡೆದ ಸೆರಗಿನ ಹೆಂಗಸರ ಎದುರಿಗೆ ನಿಂತು ಅದನ್ನು ಹೇಳುವ ಧೈರ್ಯ ಅವರಿಗಿರಲಿ.

ಹಾಗಾದರೆ ಸಂಪ್ರದಾಯದ ಶಿರೋವಸ್ತ್ರ ಬೇಕೆನ್ನುವ ಹೆಣ್ಣುಮಗಳು ಏನು ಆರಿಸಿಕೊಳ್ಳಬೇಕು? ಉತ್ತರ ಅವಳ ಅಜ್ಜಿಯ ಟ್ರಂಕಿನಲ್ಲಿದೆ. ಇಳಕಲ್ ಸೀರೆಯ ಮೈಯ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಹತ್ತಿಯ ಮೈಗೆ ರೇಷ್ಮೆಯ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ; ಕೂಡಲಸಂಗಮದ ದಾರಿಯಲ್ಲಿ ಆ ಊರನ್ನು ಹಾದುಹೋಗುವವರು ಒಮ್ಮೆ ಇಳಿದು ಆ ಕೈಚಳಕವನ್ನು ನೋಡಬೇಕು. ಕೆಂಪು ನೆಲದ ಮೇಲೆ ಬಿಳಿಯ ಗೋಪುರಗಳು ಸಾಲುಗಟ್ಟಿ ನಿಂತಂತೆ ಕಾಣುವ ಆ ಸೆರಗಿಗೆ ಟೋಪತೆನಿ ಎಂದು ಹೆಸರು. ರೇಷ್ಮೆಯಾದುದರಿಂದ ಸೀರೆಯ ಮೈ ಸವೆದು ಹರಿದರೂ ಸೆರಗು ಗಟ್ಟಿಯಾಗಿ ಉಳಿದಿರುವುದುಂಟು. ಅದನ್ನು ಬಿಡಿಸಿ, ಅಂಚು ಹೊಲಿಸಿ, ಹೊಸ ಸೀರೆಯ ಮೇಲೆ ತಲೆವಸ್ತ್ರವಾಗಿ ಹೊದ್ದುಕೊಳ್ಳಬಹುದು. ಹೊದ್ದುಕೊಳ್ಳುವ ರೀತಿಯನ್ನೂ ಅಜ್ಜಿಯನ್ನೇ ಕೇಳಬೇಕು: ಬಾಸಿಂಗದ ಹಿಂದೆ, ತುರುಬಿನ ಮೇಲೆ ನಿಲ್ಲಿಸಿ ಹೆಗಲಿಗೆ ಇಳಿಬಿಟ್ಟರೆ ಹಣೆಯ ಮೂರು ವಿಭೂತಿಯ ರೇಖೆಗಳು ಸಭೆಗೆಲ್ಲ ಕಾಣುತ್ತವೆ, ಅವಳಿಗೂ ಸಭೆಯೆಲ್ಲ ಕಾಣುತ್ತದೆ. ಹಳೆಯ ರೇಷ್ಮೆ ಮಡಿಕೆ ಬಿದ್ದ ಗೆರೆಯಲ್ಲಿಯೇ ಸೀಳುವುದುಂಟು. ಆದ್ದರಿಂದ ಮದುವೆಗೆ ಮುಂಚೆಯೇ ಹೊರತೆಗೆದು, ನೆರಳಿನಲ್ಲಿ ಹರವಿ, ಗೆರೆ ಬದಲಿಸಿ ಮಡಚಿಡಬೇಕು. ಸೂಜಿಪಿನ್ನನ್ನು ನೇರವಾಗಿ ರೇಷ್ಮೆಗೆ ಚುಚ್ಚದೆ ಒಳಗೆ ಹತ್ತಿಯ ಪಟ್ಟಿಯೊಂದನ್ನು ಹೊಲಿದು ಅದಕ್ಕೆ ಚುಚ್ಚಬೇಕು.

ಅಜ್ಜಿಯ ಸೆರಗು ಉಳಿದಿಲ್ಲದವರು ಇಳಕಲ್ಲಿನ ನೇಕಾರರಿಗೆ ಮುಂಚಿತವಾಗಿ ಹೇಳಿ ನೇಯಿಸಿಕೊಳ್ಳಲಿ, ಜೊತೆಗೆ ಗುಳೇದಗುಡ್ಡದ ಖಣವನ್ನು ಕುಪ್ಪಸಕ್ಕೆ ತರಲಿ. ಆ ಊರುಗಳಲ್ಲಿ ಕೈಮಗ್ಗದ ಸದ್ದು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ವಿದ್ಯುತ್ ಮಗ್ಗದ ನಕಲು ಸೀರೆಯೂ ಅದೇ ಹೆಸರಿನಿಂದ ಮಾರಾಟವಾಗುವುದರಿಂದ ಕೊಳ್ಳುವಾಗ ಸೆರಗು ಮೈಗೆ ಕೂಡುವ ಜಾಗದಲ್ಲಿ ಬಟ್ಟೆಯನ್ನು ತಿರುವಿ ಕೊಂಡಿಯ ಸಾಲನ್ನು ನೋಡಬೇಕು. ಕೈಬೆರಳಿಗೆ ಅದು ಸಣ್ಣ ಏಣಿನಂತೆ ತಗಲುತ್ತದೆ.